ಗಾಳಿಪಟ, ಕೋಲು ಮತ್ತು ಒಂದು ನೋಟ್‌ಬುಕ್: ಸರ್ ಜಾರ್ಜ್ ಕೇಯ್ಲಿ

ನಮ್ಮ ಶಾಲೆಯ ಐವತ್ತು ವರ್ಷಗಳಲ್ಲಿ ಯಾವ ಮೇಷ್ಟರೂ ಕಲಿಸದೆ, ಎಲ್ಲ ತರಗತಿಯ ಮಕ್ಕಳೂ ಕಲಿತ ವಿದ್ಯೆ ಒಂದಿದೆ. ಅದು ಕಾಗದದ ವಿಮಾನ ಮಾಡುವ ವಿದ್ಯೆ. ನೋಟ್‌ಬುಕ್ಕಿನ ನಡುಹಾಳೆ ಕಿತ್ತು, ಮಡಚಿ, ಮೇಷ್ಟರು ಬೋರ್ಡಿನ ಕಡೆ ತಿರುಗಿದ ಕ್ಷಣ ನೋಡಿ ಹಿಂದಿನ ಬೆಂಚಿನಿಂದ ಬಿಟ್ಟವರು, ಸಿಕ್ಕಿಬಿದ್ದು ಬೆಂಚಿನ ಮೇಲೆ ನಿಂತವರು ಈ ಸಂಚಿಕೆಯ ಓದುಗರಲ್ಲಿ ಬಹಳ ಮಂದಿ ಇದ್ದಾರೆ. ಹಾಗೆ ನಿಲ್ಲಿಸಿದ ವಿಜ್ಞಾನದ ಮೇಷ್ಟರಲ್ಲಿ ನಾನೂ ಒಬ್ಬ. ಆ ವಿಮಾನ ಒಮ್ಮೆ ನೇರವಾಗಿ ತೇಲಿ ಹೋಗುವುದೇಕೆ, ಇನ್ನೊಮ್ಮೆ ಮೂಗು ಮೇಲೆತ್ತಿ ದಬಕ್ಕನೆ ಬೀಳುವುದೇಕೆ ಎಂದು ಆ ಹುಡುಗರನ್ನು ಒಂದು ಸಲವಾದರೂ ಕೇಳಬೇಕಿತ್ತು ಎಂದು ನನಗೆ ಅನ್ನಿಸಿದ್ದು ನಿವೃತ್ತಿಯಾದ ಮೇಲೆ.

ಆ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಂಡು, ಉತ್ತರಕ್ಕಾಗಿ ಆರು ದಶಕಗಳ ಕಾಲ ದುಡಿದ ಒಬ್ಬ ಮಹನೀಯರ ಜೀವನವನ್ನು ಈ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಅವರೇ ಇಂಗ್ಲೆಂಡಿನ ಸರ್ ಜಾರ್ಜ್ ಕೇಯ್ಲಿ. ವಿಮಾನ ಎಂದರೆ ನಮಗೆ ಥಟ್ಟನೆ ನೆನಪಾಗುವುದು ಅಮೆರಿಕದ ರೈಟ್ ಸಹೋದರರು. ಅವರ ವಿಮಾನ ಹಾರಿದ್ದು 1903ರಲ್ಲಿ. ಅದಕ್ಕೆ ತೊಂಬತ್ತೊಂಬತ್ತು ವರ್ಷ ಮೊದಲೇ ಒಂದು ಗಾಳಿಪಟ, ಒಂದು ಕೋಲು ಇಟ್ಟುಕೊಂಡು ವಿಮಾನದ ಆಕಾರ ಹೇಗಿರಬೇಕೆಂಬುದನ್ನು ಗುಡ್ಡದ ಇಳಿಜಾರಿನಲ್ಲಿ ತೋರಿಸಿದವರು ಕೇಯ್ಲಿ.

ಬಾಲ್ಯ ಮತ್ತು ಮನೆತನ

ಕೇಯ್ಲಿ ಹುಟ್ಟಿದ್ದು 1773ರ ಡಿಸೆಂಬರ್ 27ರಂದು, ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಸ್ಕಾರ್ಬರೋ ಎಂಬ ಕಡಲತೀರದ ಊರಿನಲ್ಲಿ. ಅವರದು ಹಳೆಯ ಜಮೀನ್ದಾರಿ ಮನೆತನ. ಸ್ಕಾರ್ಬರೋದಿಂದ ಕೆಲವು ಮೈಲಿ ದೂರದ ಬ್ರಾಂಪ್ಟನ್ ಎಂಬ ಹಳ್ಳಿಯಲ್ಲಿ ದೊಡ್ಡ ಮನೆ, ಹೊಲಗದ್ದೆ, ಗೇಣಿದಾರರು ಎಲ್ಲ ಇದ್ದರು. 1792ರಲ್ಲಿ ತಂದೆ ತೀರಿಕೊಂಡಾಗ ಹದಿನೆಂಟರ ಹುಡುಗನ ಹೆಗಲಿಗೆ ಆಸ್ತಿಯ ಭಾರವೂ ಬಂತು, ವಂಶದ ಬ್ಯಾರೊನೆಟ್ ಪದವಿಯೂ ಬಂತು. ಹೆಸರಿನ ಮುಂದಿನ ಸರ್ ಎಂಬುದು ಹಾಗೆ ಬಂದದ್ದು.

ಅವರಿಗೆ ಹತ್ತು ತುಂಬುವ ಮೊದಲೇ, 1783ರಲ್ಲಿ, ಫ್ರಾನ್ಸಿನಲ್ಲಿ ಮಾಂಗೋಲ್ಫಿಯೇ ಸಹೋದರರ ಬಿಸಿಗಾಳಿಯ ಬಲೂನು ಮೇಲೇರಿತು. ಅದೇ ವರ್ಷದ ನವೆಂಬರಿನಲ್ಲಿ ಮನುಷ್ಯರು ಅದರಲ್ಲಿ ಕುಳಿತು ಪ್ಯಾರಿಸ್ಸಿನ ಮೇಲೆ ತೇಲಿದರು. ಯುರೋಪಿನ ಮಕ್ಕಳಿಗೆಲ್ಲ ಅದೇ ಮಾತು, ಅದೇ ಆಟ. ಆದರೆ ಬಲೂನು ಗಾಳಿ ಕರೆದೊಯ್ದ ಕಡೆಗೆ ಹೋಗುವ ವಸ್ತು. ಬೇಕಾದ ಕಡೆ ತಿರುಗುವ, ಗಾಳಿಗೆ ಎದುರಾಗಿ ಸಾಗುವ ಹಕ್ಕಿಯ ಹಾರಾಟವೇ ಬೇರೆ. ಕೇಯ್ಲಿಯ ಮನಸ್ಸನ್ನು ಹಿಡಿದದ್ದು ಈ ಎರಡನೆಯದು.

ಅವರಿಗೆ ಒಳ್ಳೆಯ ಗುರುಗಳು ಸಿಕ್ಕಿದರು. ಗಣಿತಜ್ಞರಾದ ಜಾರ್ಜ್ ವಾಕರ್ ಎಂಬುವರು ನಾಟಿಂಗ್‌ಹ್ಯಾಮ್‌ನಲ್ಲಿ ಅವರಿಗೆ ಪಾಠ ಹೇಳಿದರು. ಮುಂದೆ 1795ರಲ್ಲಿ ಕೇಯ್ಲಿ ಮದುವೆಯಾದದ್ದು ಈ ಗುರುಗಳ ಮಗಳು ಸಾರಾ ಅವರನ್ನು. ಲೆಕ್ಕ ಹಾಕುವ, ಅಳೆಯುವ, ಕಂಡದ್ದನ್ನು ಆಗಿಂದಾಗ್ಗೆ ಬರೆದಿಡುವ ಅಭ್ಯಾಸ ಅವರಿಗೆ ಕೊನೆಯವರೆಗೂ ಇತ್ತು. ಇಷ್ಟು ವರ್ಷಗಳ ಮೇಲೂ ನಾವು ಅವರನ್ನು ಅರಿಯಬಹುದಾದದ್ದು ಆ ನೋಟ್‌ಬುಕ್ಕುಗಳಿಂದ.

ಒಂದು ದೊಡ್ಡ ಪ್ರಶ್ನೆಯನ್ನು ಒಡೆದದ್ದು

1796ರಲ್ಲಿ ಕೇಯ್ಲಿ ಒಂದು ಆಟಿಕೆ ಮಾಡಿದರು. ಎರಡು ಬೆಂಡಿನ ಬಿರಡೆ, ಒಂದೊಂದಕ್ಕೂ ಸಿಕ್ಕಿಸಿದ ನಾಲ್ಕು ಹಕ್ಕಿಗರಿ, ನಡುವೆ ಕಡ್ಡಿ, ಅದನ್ನು ತಿರುಗಿಸಲು ದಾರ ಬಿಗಿದ ಪುಟ್ಟ ಬಿಲ್ಲು. ದಾರ ಬಿಚ್ಚಿಕೊಂಡಂತೆ ಗರಿಗಳು ಗಿರ್ರನೆ ಸುತ್ತಿ ಆಟಿಕೆ ಮೇಲಕ್ಕೆ ಏರುತ್ತಿತ್ತು. ಫ್ರಾನ್ಸಿನ ಇಬ್ಬರು ಇಂಥದ್ದನ್ನು ಮೊದಲೇ ಮಾಡಿ ತೋರಿಸಿದ್ದರು. ಗಾಳಿಗಿಂತ ಭಾರವಾದ ವಸ್ತುವೂ ಗಾಳಿಯನ್ನು ಒತ್ತಿಕೊಂಡೇ ಮೇಲೇರಬಲ್ಲದು ಎಂಬುದನ್ನು ಕೇಯ್ಲಿ ತಮ್ಮ ಕೈಯಲ್ಲೇ ಮಾಡಿ ನೋಡಿದ್ದು ಹೀಗೆ.

ಅದುವರೆಗೆ ಹಾರಲು ಹೊರಟವರೆಲ್ಲ ಹಕ್ಕಿಯಂತೆ ರೆಕ್ಕೆ ಬಡಿಯಲು ಹೋಗಿದ್ದರು. ತೋಳಿಗೆ ರೆಕ್ಕೆ ಕಟ್ಟಿಕೊಂಡು ಗೋಪುರದಿಂದ ಹಾರಿ ಕೈಕಾಲು ಮುರಿದುಕೊಂಡವರ ಕಥೆಗಳು ಎಲ್ಲ ದೇಶದಲ್ಲೂ ಇವೆ. ಕೇಯ್ಲಿ ಬೇರೆ ದಾರಿ ಹಿಡಿದರು. ಹಕ್ಕಿಯ ರೆಕ್ಕೆ ಏಕಕಾಲಕ್ಕೆ ಎರಡು ಕೆಲಸ ಮಾಡುತ್ತದೆ: ಮೈಭಾರವನ್ನು ಹೊರುತ್ತದೆ, ಮುಂದಕ್ಕೂ ನೂಕುತ್ತದೆ. ಮನುಷ್ಯ ಈ ಎರಡನ್ನೂ ಒಂದೇ ಅಂಗದಿಂದ ಮಾಡಿಸಬೇಕೆಂದೇನಿಲ್ಲ. ಹೊರುವುದಕ್ಕೆ ಅಲುಗಾಡದ ರೆಕ್ಕೆ ಇರಲಿ, ನೂಕುವುದಕ್ಕೆ ಬೇರೆ ಸಾಧನ ಇರಲಿ, ತಿರುಗಿಸಲು ಹಿಂದೆ ಬಾಲ ಇರಲಿ. ಈಗ ಎಂಟನೆಯ ತರಗತಿಯ ಮಗುವೂ ಇಷ್ಟೇತಾನೆ ಎನ್ನಬಹುದು. ಆದರೆ ಸಾವಿರಾರು ವರ್ಷ ಯಾರಿಗೂ ಸ್ಪಷ್ಟವಾಗಿ ಹೊಳೆಯದಿದ್ದ ಮಾತು ಇದು.

1799ರಲ್ಲಿ ಕೇಯ್ಲಿ ಈ ವಿಚಾರವನ್ನು ನಾಣ್ಯದಂಥ ಒಂದು ಪುಟ್ಟ ಬೆಳ್ಳಿಯ ಬಿಲ್ಲೆಯ ಮೇಲೆ ಕೊರೆದಿಟ್ಟರು. ಒಂದು ಮುಖದಲ್ಲಿ ಬಾಗಿದ ರೆಕ್ಕೆ, ಹಿಂದೆ ಬಾಲ, ನೂಕಲು ಹುಟ್ಟುಗಳಿರುವ ಹಾರುವ ಯಂತ್ರ. ಇನ್ನೊಂದು ಮುಖದಲ್ಲಿ ಗಾಳಿಗೆ ಓರೆಯಾಗಿ ಹಿಡಿದ ರೆಕ್ಕೆಯ ಮೇಲೆ ಬೀಳುವ ಬಲವನ್ನು ಎತ್ತುವ ಪಾಲು, ಹಿಂದಕ್ಕೆ ಎಳೆಯುವ ಪಾಲು ಎಂದು ಬಿಡಿಸಿ ತೋರಿಸುವ ರೇಖಾಚಿತ್ರ. ಆಗ ಅವರಿಗೆ ಇಪ್ಪತ್ತೈದು ವರ್ಷ. ಆ ಬಿಲ್ಲೆ ಈಗ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ.

ಮೆಟ್ಟಿಲ ಬಾವಿಯ ಪ್ರಯೋಗ

ವಿಚಾರ ಸರಿಯೆಂದು ತೋರಿದರೆ ಸಾಲದು, ಲೆಕ್ಕ ಬೇಕು. ಎಷ್ಟು ವೇಗದಲ್ಲಿ, ಎಷ್ಟು ಓರೆಯಲ್ಲಿ, ಎಷ್ಟು ಅಗಲದ ರೆಕ್ಕೆ ಎಷ್ಟು ಭಾರ ಎತ್ತುತ್ತದೆ? ಇದನ್ನು ತಿಳಿಯಲು ಕೇಯ್ಲಿ 1804ರಲ್ಲಿ ತಮ್ಮ ಮನೆಯಲ್ಲೇ ಒಂದು ಯಂತ್ರ ಹೂಡಿದರು. ನಿಂತ ಕಂಬದ ಮೇಲೆ ತಕ್ಕಡಿಯ ದಂಡದಂಥ ಒಂದು ತೋಳು. ಅದರ ತುದಿಗೆ ಕಾಗದ ಹೊದಿಸಿದ ಒಂದು ಚದರ ಅಡಿಯ ಚೌಕಟ್ಟು. ಕಂಬಕ್ಕೆ ಸುತ್ತಿದ ಹುರಿಯ ಇನ್ನೊಂದು ತುದಿಗೆ ತೂಕದ ಕಲ್ಲು. ಮಹಡಿ ಮೆಟ್ಟಿಲುಗಳ ನಡುವಿನ ತೆರವಿನಲ್ಲಿ ಕಲ್ಲು ಕೆಳಗಿಳಿಯುತ್ತಿದ್ದಂತೆ ತೋಳು ಸುತ್ತುತ್ತಿತ್ತು. ಚೌಕಟ್ಟಿನ ಓರೆಯನ್ನು ಬದಲಿಸುತ್ತ, ಅದು ಎಷ್ಟು ಭಾರ ಎತ್ತಿತು ಎಂದು ಅವರು ಮತ್ತೆ ಮತ್ತೆ ಅಳೆದು ಬರೆದುಕೊಂಡರು. ಸುತ್ತುವ ತೋಳನ್ನು ಗಾಳಿಯಂತ್ರಗಳ ಅಧ್ಯಯನಕ್ಕೆ ಅವರಿಗಿಂತ ಹಿಂದಿನವರು ಬಳಸಿದ್ದರು. ಹಾರುವ ರೆಕ್ಕೆಯ ಲೆಕ್ಕಕ್ಕೆ ಬಳಸಿದ್ದು ಕೇಯ್ಲಿ.

ನಮ್ಮ ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಸಲಕರಣೆ ಕಡಿಮೆ ಎಂದು ನಾವು ಮೇಷ್ಟರುಗಳು ಎಷ್ಟೋ ಸಲ ಬೇಸರಪಟ್ಟಿದ್ದುಂಟು. ಕೇಯ್ಲಿ ಸಿರಿವಂತರು ನಿಜ. ಆದರೆ ವಿಮಾನವಿಜ್ಞಾನದ ಈ ಮೊದಲ ಅಳತೆಗಳಿಗೆ ಅವರು ಬಳಸಿದ್ದು ಕಾಗದ, ಕಡ್ಡಿ, ಹುರಿ, ಕಲ್ಲು ಮತ್ತು ಮಹಡಿಯ ಮೆಟ್ಟಿಲು.

1804ರ ಗ್ಲೈಡರ್

ಅದೇ ವರ್ಷ ಅವರು ಮಾಡಿದ ಇನ್ನೊಂದು ವಸ್ತುವೇ ಈ ಲೇಖನದ ಹೃದಯ. ಒಂದು ಸಾಧಾರಣ ಕಾಗದದ ಗಾಳಿಪಟ ತೆಗೆದುಕೊಂಡರು. ಅದರ ವಿಸ್ತೀರ್ಣ 154 ಚದರ ಅಂಗುಲ, ಎಂದರೆ ಒಂದು ಚದರ ಅಡಿಗಿಂತ ತುಸು ಹೆಚ್ಚು. ಅದನ್ನು ಒಂದು ಉದ್ದನೆಯ ಕೋಲಿನ ಮೇಲೆ, ಮುಂಭಾಗ ಸ್ವಲ್ಪ ಎತ್ತರವಾಗುವಂತೆ, ಸುಮಾರು ಆರು ಡಿಗ್ರಿ ಓರೆಯಲ್ಲಿ ಕೂರಿಸಿದರು. ಕೋಲಿನ ಹಿಂತುದಿಗೆ ಅಡ್ಡ ಒಂದು, ನೆಟ್ಟಗೆ ಒಂದು ಹಾಳೆ ಸೇರಿಸಿದ ಕೂಡುಗುರುತಿನ ಆಕಾರದ ಬಾಲ ಕಟ್ಟಿದರು. ಆ ಬಾಲವನ್ನು ಯಾವ ಕಡೆ ಬೇಕಾದರೂ ತುಸು ತಿರುಗಿಸಿ ನಿಲ್ಲಿಸಬಹುದಿತ್ತು. ಸಮತೋಲಕ್ಕೆಂದು ಮುಂಭಾಗದಲ್ಲಿ ಹಿಂದೆ ಮುಂದೆ ಸರಿಸಬಹುದಾದ ಒಂದು ತೂಕ ಇಟ್ಟರು.

ಇಷ್ಟೇ. ಅದನ್ನು ಗುಡ್ಡದ ನೆತ್ತಿಯಿಂದ ಕೈಯಲ್ಲಿ ಹಿಡಿದು ಮೆಲ್ಲಗೆ ಮುಂದಕ್ಕೆ ತಳ್ಳಿದರೆ ಇಳಿಜಾರಿನ ಮೇಲೆ ತೇಲುತ್ತ ಹೋಗುತ್ತಿತ್ತು. ಬಾಲವನ್ನು ಸ್ವಲ್ಪ ಎಡಕ್ಕೆ ತಿರುಗಿಸಿದರೆ ಎಡಕ್ಕೆ, ಬಲಕ್ಕೆ ತಿರುಗಿಸಿದರೆ ಬಲಕ್ಕೆ ಹೊರಳುತ್ತಿತ್ತು. ಅದು ತೇಲುವುದನ್ನು ನೋಡುವುದೇ ಒಂದು ಚೆಂದ ಎಂದು ಅವರು ತಮ್ಮ ನೋಟ್‌ಬುಕ್ಕಿನಲ್ಲಿ ಸಂತೋಷದಿಂದ ದಾಖಲಿಸಿದ್ದಾರೆ.

ಈಗ ಯಾವುದಾದರೂ ವಿಮಾನದ ಚಿತ್ರ ನೋಡಿ. ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಎಚ್‌ಟಿ-2 ತರಬೇತಿ ವಿಮಾನವನ್ನೇ ನೋಡಿ. ಮುಂದೆ ಭಾರ ಹೊರುವ ಸ್ಥಿರ ರೆಕ್ಕೆ, ನಡುವೆ ಉದ್ದನೆಯ ಮೈ, ಹಿಂದೆ ಅಡ್ಡ ಮತ್ತು ನೆಟ್ಟನೆಯ ಬಾಲದ ಹಲಗೆಗಳು. ಗಾಳಿಪಟ, ಕೋಲು, ಬಾಲ. ಆಕಾರ ಅದೇ.

ನಮ್ಮ ಮಕ್ಕಳೂ ಮಾಡಬಹುದು

ಇವತ್ತು ಇದೇ ಗ್ಲೈಡರನ್ನು ಮಕ್ಕಳು ಬಾಲ್ಸಾ ಮರದಲ್ಲಿ ಮಾಡುತ್ತಾರೆ. ಬಾಲ್ಸಾ ದಕ್ಷಿಣ ಅಮೆರಿಕದ, ವಿಶೇಷವಾಗಿ ಈಕ್ವೆಡಾರ್ ದೇಶದ, ಬಲು ಬೇಗ ಬೆಳೆಯುವ ಮರ. ಒಣಗಿದ ಬಾಲ್ಸಾ ಅಷ್ಟೇ ಗಾತ್ರದ ನೀರಿನ ಆರನೆಯ ಒಂದು ಪಾಲಿನಷ್ಟು ಮಾತ್ರ ತೂಗುತ್ತದೆ. ಬ್ಲೇಡಿನಲ್ಲೇ ಕತ್ತರಿಸಬಹುದು. ಮಾದರಿ ವಿಮಾನದ ಸಾಮಾನು ಮಾರುವ ನಗರದ ಅಂಗಡಿಗಳಲ್ಲಿ ಹಾಳೆಗಳಾಗಿ ಸಿಗುತ್ತದೆ. ಕೇಯ್ಲಿಗೆ ಬಾಲ್ಸಾ ಇರಲಿಲ್ಲ. ಆದ್ದರಿಂದ ಅದು ಸಿಗದವರು ತೆಳುವಾದ ಥರ್ಮೋಕೋಲ್ ಹಾಳೆಯಲ್ಲೋ, ಬಿದಿರುಕಡ್ಡಿ ಮತ್ತು ಗಾಳಿಪಟದ ಕಾಗದದಲ್ಲೋ ಮಾಡಿದರೆ ಏನೂ ಕೊರತೆಯಿಲ್ಲ.

ಮೂರು ಮಿಲಿಮೀಟರ್ ದಪ್ಪದ ಬಾಲ್ಸಾ ಹಾಳೆಯಲ್ಲಿ 30 ಸೆಂಟಿಮೀಟರ್ ಉದ್ದ, ಏಳೂವರೆ ಸೆಂಟಿಮೀಟರ್ ಅಗಲದ ರೆಕ್ಕೆ ಕತ್ತರಿಸಿ. ಮರದ ನಾರು ರೆಕ್ಕೆಯ ಉದ್ದಕ್ಕೆ ಇರಬೇಕು, ಇಲ್ಲದಿದ್ದರೆ ಮೊದಲ ಏಟಿಗೇ ಮುರಿಯುತ್ತದೆ. ಮುಂಚೂಣಿಯ ಅಂಚನ್ನು ಉಪ್ಪುಕಾಗದದಿಂದ ದುಂಡಾಗಿ, ಹಿಂದಿನ ಅಂಚನ್ನು ತೆಳ್ಳಗೆ ಉಜ್ಜಿ. ರೆಕ್ಕೆಯನ್ನು ನಡುವೆ ಎರಡಾಗಿ ಕತ್ತರಿಸಿ, ಒಂದು ಅರ್ಧ ಮೇಜಿನ ಮೇಲೆ ಮಲಗಿರುವಾಗ ಇನ್ನೊಂದರ ತುದಿ ಐದು ಸೆಂಟಿಮೀಟರ್ ಎತ್ತರದಲ್ಲಿರುವಂತೆ ಮತ್ತೆ ಅಂಟಿಸಿ. ಆಗ ರೆಕ್ಕೆ ಮುಂದಿನಿಂದ ನೋಡಿದರೆ ಅಗಲವಾಗಿ ತೆರೆದ ಪುಸ್ತಕದಂತೆ ಕಾಣುತ್ತದೆ. ಸುಮಾರು 30 ಸೆಂಟಿಮೀಟರಿನ ಗಟ್ಟಿ ಕಡ್ಡಿಯ ಮೇಲೆ, ಮುಂತುದಿಯಿಂದ ಎಂಟು ಸೆಂಟಿಮೀಟರ್ ಬಿಟ್ಟು ಈ ರೆಕ್ಕೆಯನ್ನು ಕೂರಿಸಿ. ಹಿಂದೆ 12 ಸೆಂಟಿಮೀಟರ್ ಉದ್ದ, ನಾಲ್ಕು ಸೆಂಟಿಮೀಟರ್ ಅಗಲದ ಅಡ್ಡ ಬಾಲ ಮತ್ತು ಅದರ ಮೇಲೆ ಐದು ಸೆಂಟಿಮೀಟರ್ ಎತ್ತರದ ನೆಟ್ಟನೆಯ ಬಾಲ ಅಂಟಿಸಿ. ಕೊನೆಗೆ ಮೂಗಿಗೆ ಜೇಡಿಮಣ್ಣಿನ ಉಂಡೆ ಮೆತ್ತಿ, ರೆಕ್ಕೆಯ ಅಗಲದಲ್ಲಿ ಮುಂದಿನಿಂದ ಮೂರನೆಯ ಒಂದು ಭಾಗದ ಸುಮಾರಿಗೆ ಎರಡು ಬೆರಳ ಮೇಲೆ ಇಟ್ಟರೆ ಸಮವಾಗಿ ನಿಲ್ಲುವಂತೆ ಮಾಡಿಕೊಳ್ಳಿ.

ಗಾಳಿ ಬೀಸದ ಹೊತ್ತಿನಲ್ಲಿ, ಹುಲ್ಲಿನ ಮೇಲೆ, ನೆಲಕ್ಕೆ ಸಮವಾಗಿ ಮೆಲ್ಲಗೆ ಬಿಡಿ. ಮೂಗೆತ್ತಿ, ನಿಂತು, ಬಿದ್ದರೆ ಮೂಗಿಗೆ ಇನ್ನೊಂದಿಷ್ಟು ಮಣ್ಣು ಹಾಕಿ. ನೇರ ನೆಲಕ್ಕೆ ಮೂಗು ಕುಕ್ಕಿದರೆ ಸ್ವಲ್ಪ ತೆಗೆಯಿರಿ. ಒಂದೇ ಕಡೆ ಹೊರಳುತ್ತಿದ್ದರೆ ರೆಕ್ಕೆ ತಿರುಚಿಕೊಂಡಿದೆಯೇ, ಬಾಲ ಓರೆಯಾಗಿದೆಯೇ ನೋಡಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಸರಿಹೋದದ್ದು ಯಾವುದರಿಂದ ಎಂಬುದು ಗೊತ್ತಾಗುವುದಿಲ್ಲ. ಬೆಂಚಿನ ಮೇಲೆ ನಿಂತ ಹುಡುಗನ ಕಾಗದದ ವಿಮಾನ ಮೂಗೆತ್ತಿ ಬಿದ್ದದ್ದಕ್ಕೂ ಕಾರಣ ಇದೇ. ಅದರ ಭಾರ ಹಿಂದಕ್ಕೆ ಬಿದ್ದಿತ್ತು. ಮೂಗು ಮೇಲೇರಿ, ರೆಕ್ಕೆ ಗಾಳಿಗೆ ತೀರ ಓರೆಯಾಗಿ, ಅದರ ಮೇಲಿನ ಗಾಳಿಯ ಹರಿವು ಕಿತ್ತುಹೋಗಿ ಎತ್ತುವ ಬಲ ಕುಸಿದಿತ್ತು.

ರೆಕ್ಕೆಗಳನ್ನು ತುದಿಯ ಕಡೆ ಸ್ವಲ್ಪ ಮೇಲೆತ್ತಿ ಕೂರಿಸಿದರೆ ವಿಮಾನ ಪಕ್ಕಕ್ಕೆ ವಾಲಿದರೂ ತಾನಾಗಿ ಸರಿಹೋಗುತ್ತದೆ ಎಂಬುದನ್ನು ಕೇಯ್ಲಿ ಕಂಡುಕೊಂಡು ವಿವರಿಸಿದ್ದರು. ಈ ಪುಟ್ಟ ಗ್ಲೈಡರಿನ ಭಾಗಗಳೆಲ್ಲ ಅವರ ಪಾಠವೇ.

ಬರೆದು ಹಂಚಿದ ವಿದ್ಯೆ

ಪುಟ್ಟ ಗ್ಲೈಡರಿನ ಮೇಲೆ ಕೇಯ್ಲಿ ದೊಡ್ಡದಕ್ಕೆ ಕೈಹಾಕಿದರು. 1809ರ ಹೊತ್ತಿಗೆ ಮುನ್ನೂರು ಚದರ ಅಡಿ ರೆಕ್ಕೆಯ ಒಂದು ಗ್ಲೈಡರ್ ಸಿದ್ಧವಾಗಿತ್ತು. ಆಳಿಲ್ಲದೆ ಬಿಟ್ಟಾಗ ಅದು ಗುಡ್ಡದಿಂದ ತೇಲಿ ಇಳಿಯುತ್ತಿತ್ತು. ಒಬ್ಬರು ಅದನ್ನು ಹಿಡಿದು ಎದುರುಗಾಳಿಗೆ ಓಡಿದರೆ ಅವರನ್ನು ಕೆಲವು ಗಜ ನೆಲಬಿಡಿಸಿ ಒಯ್ಯುತ್ತಿತ್ತು. ನೂಕುವ ಯಂತ್ರ ಜೋಡಿಸಿ ನೋಡುವ ಮೊದಲೇ ಅದು ಆಕಸ್ಮಿಕವಾಗಿ ಮುರಿಯಿತು.

ಅದೇ ವರ್ಷ ವಿಯೆನ್ನಾದ ಗಡಿಯಾರ ಕುಶಲಕರ್ಮಿ ಯಾಕೋಬ್ ಡೇಗನ್ ಎಂಬುವರು ರೆಕ್ಕೆ ಬಡಿದು ಹಾರಿದರೆಂಬ ಸುದ್ದಿ ಇಂಗ್ಲೆಂಡಿಗೆ ಬಂತು. ಅವರ ಭಾರದ ಹೆಚ್ಚು ಪಾಲನ್ನು ಬಲೂನು ಹೊತ್ತಿತ್ತು ಎಂಬ ಸಂಗತಿ ಆ ಸುದ್ದಿಯಲ್ಲಿ ಇರಲಿಲ್ಲ. ಇದನ್ನು ಓದಿದ ಕೇಯ್ಲಿ ತಮಗೆ ತಿಳಿದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆಯಲು ಕುಳಿತರು. ವಾಯುಯಾನವನ್ನು ಕುರಿತ ಆ ದೀರ್ಘ ಪ್ರಬಂಧ 1809 ಮತ್ತು 1810ರಲ್ಲಿ ನಿಕಲ್ಸನ್ ಎಂಬುವರ ವಿಜ್ಞಾನ ಪತ್ರಿಕೆಯಲ್ಲಿ ಮೂರು ಕಂತುಗಳಲ್ಲಿ ಅಚ್ಚಾಯಿತು. ಗಾಳಿ ಒಡ್ಡುವ ತಡೆಯ ಎದುರು ಶಕ್ತಿ ಪ್ರಯೋಗಿಸಿ ಒಂದು ಹಲಗೆಯಿಂದ ಗೊತ್ತಾದ ಭಾರವನ್ನು ಹೊರಿಸುವುದೇ ಹಾರಾಟದ ಸಮಸ್ಯೆಯೆಲ್ಲ ಎಂದು ಅವರು ಅಲ್ಲಿ ಒಂದೇ ಮಾತಿನಲ್ಲಿ ತಿಳಿಸಿದರು. ಬಲೂನನ್ನು ಬಿಟ್ಟು, ರೆಕ್ಕೆಯ ವಿಮಾನಕ್ಕೆ ವಿಜ್ಞಾನದ ಬುನಾದಿ ಹಾಕಿದ ಬರಹ ಅದು. ಇದನ್ನು ಗುಟ್ಟಾಗಿ ಇಟ್ಟುಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಎಲ್ಲರ ಕೈಗೂ ಸಿಗಲಿ ಎಂದು ಕೊಟ್ಟುಬಿಟ್ಟರು.

ಅವರ ಕಣ್ಣು ಎಲ್ಲ ಕಡೆಯೂ ಇತ್ತು. ಕಾಗೆಯ ತೂಕ ಎಷ್ಟು, ರೆಕ್ಕೆಯ ವಿಸ್ತಾರ ಎಷ್ಟು ಎಂದು ಲೆಕ್ಕ ಹಾಕಿದರು. ಗಾಳಿಯಲ್ಲಿ ಸುತ್ತುತ್ತ ಇಳಿಯುವ ಮರದ ಬೀಜವನ್ನು ಗಮನಿಸಿದರು. ಟ್ರೌಟ್ ಮೀನಿನ ಮೈಯ ಸುತ್ತಳತೆಯನ್ನು ಅಲ್ಲಲ್ಲಿ ಅಳೆದು, ನೀರನ್ನು ಹಗುರವಾಗಿ ಸೀಳಿಕೊಂಡು ಹೋಗುವ ಆಕಾರ ಯಾವುದೆಂದು ತಿಳಿದುಕೊಂಡರು. ಮೀನು ಹಿಡಿದವರು, ಕಾಗೆ ಕಂಡವರು ನಮ್ಮೂರಿನಲ್ಲಿ ಯಾರಿಲ್ಲ? ಅಳೆದವರು ಮಾತ್ರ ಕಡಿಮೆ.

ಸಿಗದ ಎಂಜಿನ್

ಕೇಯ್ಲಿಯ ದಾರಿಗೆ ಅಡ್ಡವಾದದ್ದು ಒಂದೇ. ಹಗುರವಾದ ಎಂಜಿನ್ ಇರಲಿಲ್ಲ. ಆಗಿದ್ದ ಆವಿಯಂತ್ರಕ್ಕೆ ಕಬ್ಬಿಣದ ಕುಲುಮೆ, ನೀರು, ಕಲ್ಲಿದ್ದಲು ಎಲ್ಲ ಬೇಕು. ಅದು ತನ್ನ ಭಾರವನ್ನೇ ಎತ್ತಲಾರದು. ಕೇಯ್ಲಿ ಬಿಸಿಗಾಳಿಯಿಂದ ನಡೆಯುವ ಎಂಜಿನ್ನನ್ನು ಯೋಚಿಸಿ 1807ರಲ್ಲಿ ಅದರ ವಿವರ ಪ್ರಕಟಿಸಿದರು. ಮದ್ದಿನಪುಡಿಯ ಸ್ಫೋಟದಿಂದ ನಡೆಯುವ ಎಂಜಿನ್ನನ್ನೂ ಪ್ರಯತ್ನಿಸಿದರು. ಯಾವುದೂ ವಿಮಾನಕ್ಕೆ ಒದಗಲಿಲ್ಲ. ಎಲ್ಲದರಲ್ಲೂ ಅವರೇ ಸರಿ ಎಂದೂ ಅಲ್ಲ. ನೂಕುವ ಕೆಲಸಕ್ಕೆ ಅವರು ಬಹುಕಾಲ ನೆಚ್ಚಿದ್ದು ಬೀಸುವ ಹುಟ್ಟುಗಳನ್ನು. ಮುಂದೆ ವಿಮಾನವನ್ನು ಹಾರಿಸಿದ್ದು ಸುತ್ತುವ ಪ್ರೊಪೆಲ್ಲರ್.

ಆದರೆ ಒಂದು ಬಾಗಿಲು ತೆರೆಯಲಿಲ್ಲವೆಂದು ಅವರು ಕೈಕಟ್ಟಿ ಕೂರಲಿಲ್ಲ. ವಿಮಾನದ ಚಕ್ರ ಹಗುರವಾಗಿರಬೇಕೆಂದು ಯೋಚಿಸುತ್ತ 1808ರಲ್ಲಿ ದಪ್ಪ ಮರದ ಅರಗಳ ಬದಲು ಬಿಗಿದ ತಂತಿಯಂಥ ಅರಗಳ ಚಕ್ರವನ್ನು ಕಲ್ಪಿಸಿದರು. ನಮ್ಮ ಮಕ್ಕಳು ಶಾಲೆಗೆ ತುಳಿದುಕೊಂಡು ಬರುವ ಸೈಕಲ್ಲಿನ ಚಕ್ರದ ತತ್ತ್ವ ಅದೇ. 1825ರ ಸುಮಾರಿಗೆ ಗಾಡಿಯೇ ತನ್ನ ಹಳಿಯನ್ನು ತಾನೇ ಹಾಸಿಕೊಂಡು ಸಾಗುವ ಪಟ್ಟಿಚಕ್ರದ ಹಕ್ಕುಪತ್ರ ಪಡೆದರು. ಈಗ ಕೆರೆಯ ಹೂಳೆತ್ತಲು ಬರುವ ಪಟ್ಟಿಯ ಯಂತ್ರಗಳು ಆ ಯೋಚನೆಯ ಸಂತತಿ.

ಬ್ರಾಂಪ್ಟನ್ ಸೀಮೆಯ ಡರ್ವೆಂಟ್ ನದಿಯ ಪ್ರವಾಹ ಹೊಲಗಳನ್ನು ಮುಳುಗಿಸುತ್ತಿತ್ತು. ಹೆಚ್ಚಿದ ನೀರನ್ನು ಕಾಲುವೆ ತೋಡಿ ನೇರವಾಗಿ ಸಮುದ್ರಕ್ಕೆ ಹರಿಸುವ ಯೋಜನೆಗೆ 1800ರಲ್ಲಿ ಕಾನೂನಿನ ಒಪ್ಪಿಗೆ ದೊರೆಯಿತು. ಅದರಲ್ಲಿ ಕೇಯ್ಲಿಯವರದು ಮುಖ್ಯ ಪಾತ್ರ. ತಮ್ಮ ಜಮೀನಿನ ಗೇಣಿದಾರರೊಬ್ಬರ ಮಗ ಕೈ ಕಳೆದುಕೊಂಡಾಗ ಅವನಿಗಾಗಿ ಹಿಡಿಯಲು ಬರುವಂಥ ಕೃತಕ ಕೈ ಮಾಡಿಕೊಟ್ಟರು. ರೈಲು ಅಪಘಾತಗಳನ್ನು ತಡೆಯುವ ಉಪಾಯಗಳನ್ನು ಬರೆದರು. 1832ರಲ್ಲಿ ಸ್ಕಾರ್ಬರೋ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆರಿಸಿಬಂದರು. ಜನಸಾಮಾನ್ಯರಿಗೆ ವಿಜ್ಞಾನ ತಲುಪಲೆಂದು 1838ರಲ್ಲಿ ಲಂಡನ್ನಿನ ರೀಜೆಂಟ್ ಸ್ಟ್ರೀಟಿನಲ್ಲಿ ಆರಂಭವಾದ ಪಾಲಿಟೆಕ್ನಿಕ್ ಸಂಸ್ಥೆಯ ಸ್ಥಾಪಕರಲ್ಲಿ ಪ್ರಮುಖರಾದರು. ಆ ಸಂಸ್ಥೆ ಈಗ ವೆಸ್ಟ್‌ಮಿನ್‌ಸ್ಟರ್ ವಿಶ್ವವಿದ್ಯಾಲಯವಾಗಿ ಬೆಳೆದಿದೆ.

ಹುಡುಗನೊಬ್ಬ, ಸಾರೋಟಿನವನೊಬ್ಬ

ಎಪ್ಪತ್ತರ ಅಂಚಿನಲ್ಲಿ ಕೇಯ್ಲಿ ಮತ್ತೆ ಹಾರಾಟದ ಕಡೆ ತಿರುಗಿದರು. 1843ರಲ್ಲಿ ವಿಲಿಯಂ ಹೆನ್‌ಸನ್ ಎಂಬುವರು ಆವಿಯಂತ್ರದ ದೊಡ್ಡ ವಿಮಾನದ ಯೋಜನೆ ಪ್ರಕಟಿಸಿದಾಗ, ಅಷ್ಟು ಉದ್ದದ ಒಂದೇ ರೆಕ್ಕೆ ಬಲಹೀನವಾಗುತ್ತದೆ, ಅದನ್ನು ಮಹಡಿಗಳಂತೆ ಒಂದರ ಮೇಲೊಂದು ಜೋಡಿಸುವುದು ಲೇಸು ಎಂದು ತಿಳಿಸಿದರು. ಆರು ದಶಕಗಳ ನಂತರ ರೈಟ್ ಸಹೋದರರ ವಿಮಾನ ಹಾರಿದ್ದು ಒಂದರ ಮೇಲೊಂದಿರುವ ಎರಡು ರೆಕ್ಕೆಗಳಿಂದಲೇ.

1849ರಲ್ಲಿ ಕೇಯ್ಲಿ ಮೂರು ಅಂತಸ್ತಿನ ರೆಕ್ಕೆಯ ಗ್ಲೈಡರ್ ಮಾಡಿದರು. ಅದರಲ್ಲಿ ಸುಮಾರು ಹತ್ತು ವರ್ಷದ ಒಬ್ಬ ಹುಡುಗನನ್ನು ಕೂರಿಸಿ, ಗುಡ್ಡದ ಇಳಿಜಾರಿನಲ್ಲಿ ಎದುರುಗಾಳಿಗೆ ಬಿಟ್ಟಾಗ ಅದು ಕೆಲವು ಗಜ ನೆಲ ಬಿಟ್ಟು ತೇಲಿತು. 1852ರಲ್ಲಿ ಮನುಷ್ಯನನ್ನು ಹೊರುವ ಗ್ಲೈಡರಿನ ವಿವರವಾದ ನಕ್ಷೆಯನ್ನು ಒಂದು ಪತ್ರಿಕೆಯಲ್ಲಿ ಪ್ರಕಟಿಸಿದರು. ಮರುವರ್ಷ, 1853ರಲ್ಲಿ, ಬ್ರಾಂಪ್ಟನ್ ಕಣಿವೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಅವರ ಗ್ಲೈಡರ್ ಒಬ್ಬ ದೊಡ್ಡ ಆಳನ್ನು ಹೊತ್ತು ಹಾರಿತು. ಅವನು ಮನೆಯ ಸಾರೋಟು ಹೊಡೆಯುವವನು. ಅದನ್ನು ಹುಡುಗಿಯಾಗಿದ್ದಾಗ ಕಂಡ ಕೇಯ್ಲಿಯವರ ಮೊಮ್ಮಗಳು ಮುದುಕಿಯಾದ ಮೇಲೆ ನೆನಪಿಸಿಕೊಂಡಂತೆ, ಗ್ಲೈಡರ್ ಆಚೆ ದಡದಲ್ಲಿ ಕುಕ್ಕರಿಸಿದ ಕೂಡಲೇ ಸಾರೋಟಿನವನು ಎದ್ದು ಬಂದು, ತನ್ನನ್ನು ಕೆಲಸಕ್ಕೆ ಇಟ್ಟುಕೊಂಡದ್ದು ಗಾಡಿ ಹೊಡೆಯಲಿಕ್ಕೇ ಹೊರತು ಹಾರಲಿಕ್ಕಲ್ಲ ಎಂದು ಕೆಲಸ ಬಿಡುವ ಮಾತಾಡಿದನಂತೆ.

ಈ ಪ್ರಸಂಗ ಓದಿದಾಗ ಎಲ್ಲರೂ ನಗುತ್ತಾರೆ. ನನಗೆ ನಗುವಿನ ಜೊತೆಗೆ ಇನ್ನೊಂದು ಯೋಚನೆಯೂ ಬರುತ್ತದೆ. ಕೇಯ್ಲಿಗೆ ಆಗ ಎಪ್ಪತ್ತೊಂಬತ್ತು. ತಾನೇ ಹತ್ತಿ ಹಾರುವ ವಯಸ್ಸು ದಾಟಿತ್ತು. ಮುಂದೆ ಸಾಗಿದ ಸಾವನ್ನೇ ಎದುರಿಸಿ ಹಾರಿದವನು ಸಂಬಳದ ಆಳು. ಅವನಿಗಿಂತ ಮೊದಲು ತೇಲಿದವನು ಒಬ್ಬ ಹಳ್ಳಿಯ ಹುಡುಗ. ಅವರ ಹೆಸರನ್ನು ಕೇಯ್ಲಿಯವರ ಬರಹಗಳು ನಮಗೆ ಉಳಿಸಿಕೊಟ್ಟಿಲ್ಲ. ಕಾಗೆಯ ತೂಕವನ್ನು ಬರೆದಿಟ್ಟ ಕೈ ಆ ಹುಡುಗನ ಹೆಸರನ್ನೂ ಬರೆದಿಡಬಹುದಾಗಿತ್ತು. ದೊಡ್ಡವರ ಜೀವನಚರಿತ್ರೆ ಓದುವಾಗ ಹೀಗೆ ಹೆಸರಿಲ್ಲದೆ ಹೊರಗುಳಿದವರನ್ನೂ ನೆನೆಯುವುದು ನ್ಯಾಯ.

ಕೊನೆ ಮತ್ತು ಮುಂದುವರಿಕೆ

ಸರ್ ಜಾರ್ಜ್ ಕೇಯ್ಲಿ 1857ರ ಡಿಸೆಂಬರ್ 15ರಂದು ಬ್ರಾಂಪ್ಟನ್ನಿನಲ್ಲಿ ಕಣ್ಣುಮುಚ್ಚಿದರು. ಎಂಬತ್ತನಾಲ್ಕು ತುಂಬಲು ಹನ್ನೆರಡು ದಿನ ಉಳಿದಿತ್ತು. ಎಂಜಿನ್ನಿನ ವಿಮಾನವನ್ನು ಅವರು ಕಾಣಲಿಲ್ಲ. ಜರ್ಮನಿಯ ಓಟೊ ಲಿಲಿಯೆನ್‌ತಾಲ್ ತಾವೇ ಗ್ಲೈಡರ್ ತೊಟ್ಟು ಬೆಟ್ಟದಿಂದ ಹಾರತೊಡಗಿದ್ದು 1891ರಲ್ಲಿ. ಹಗುರವಾದ ಪೆಟ್ರೋಲ್ ಎಂಜಿನ್ ಬಂದು, ರೈಟ್ ಸಹೋದರರು ಹಾರಿದ್ದು 1903ರ ಡಿಸೆಂಬರ್ 17ರಂದು. ನೂರು ವರ್ಷ ಹಿಂದೆಯೇ ಕೇಯ್ಲಿ ಈ ವಿಜ್ಞಾನವನ್ನು ಅದುವರೆಗೆ ಯಾರೂ ಮುಟ್ಟದ ಮಟ್ಟಕ್ಕೆ ಒಯ್ದಿದ್ದರೆಂದು ವಿಲ್ಬರ್ ರೈಟ್ ಕೃತಜ್ಞತೆಯಿಂದ ಒಪ್ಪಿಕೊಂಡರು. ಕೇಯ್ಲಿಯವರ ಒಂದು ನೋಟ್‌ಬುಕ್ 1933ರಲ್ಲಿ ಅಚ್ಚಾಗಿ ಹೊರಬಂತು. ಅವರು ಹುಟ್ಟಿ ಇನ್ನೂರು ವರ್ಷವಾದಾಗ, 1973ರಲ್ಲಿ, ಅವರ ನಕ್ಷೆಯಂತೆ ಕಟ್ಟಿದ ಗ್ಲೈಡರ್ ಮನುಷ್ಯನನ್ನು ಹೊತ್ತು ಹಾರಿತು. ಅವರ ಲೆಕ್ಕ ಸುಳ್ಳಾಗಲಿಲ್ಲ.

ಈ ಜೀವನದಿಂದ ನಾನು ಕಲಿತದ್ದು ಇಷ್ಟು. ದೊಡ್ಡ ಪ್ರಶ್ನೆ ಎದುರಾದಾಗ ಅದನ್ನು ಒಡೆದು ಚಿಕ್ಕದು ಮಾಡಿಕೊಳ್ಳಬೇಕು. ಚಿಕ್ಕದನ್ನು ಕೈಯಲ್ಲಿ ಮಾಡಿ ನೋಡಬೇಕು. ಕಂಡದ್ದನ್ನು ಬರೆಯಬೇಕು. ಬರೆದದ್ದನ್ನು ಹಂಚಬೇಕು. ಫಲ ತನ್ನ ಕಾಲದಲ್ಲೇ ಬರಲಿಲ್ಲವೆಂದು ಕೆಲಸ ನಿಲ್ಲಿಸಬಾರದು. ಹಳ್ಳಿಯ ಪ್ರೌಢಶಾಲೆಯ ಮೇಷ್ಟರ ಬದುಕೂ ಹಾಗೆಯೇ. ನಾವು ಕಲಿಸಿದ ಮಕ್ಕಳು ಎಲ್ಲಿ ಹೋಗಿ ಇಳಿಯುತ್ತಾರೆಂಬುದನ್ನು ಎಲ್ಲ ಸಲವೂ ನಾವು ನೋಡುವುದಿಲ್ಲ. ಬಿಡುವಾಗ ಸಮತೋಲ ಸರಿಯಾಗಿತ್ತೇ ಎಂಬುದಷ್ಟೇ ನಮ್ಮ ಕೈಯಲ್ಲಿರುವುದು.

ಈ ಸುವರ್ಣ ಮಹೋತ್ಸವದ ವರ್ಷದಲ್ಲಿ ಈಗಿನ ಮೇಷ್ಟರಿಗೆ, ಮೇಡಂಗಳಿಗೆ ನನ್ನದೊಂದು ವಿನಂತಿ. ಎಂಟನೆಯ ತರಗತಿಯ ಪ್ರತಿ ಮಗುವೂ ಒಂದು ಗ್ಲೈಡರ್ ಮಾಡಲಿ, ಶಾಲೆಯ ಆಟದ ಬಯಲಿನಲ್ಲಿ ಹಾರಿಸಲಿ, ಅದು ಬಿದ್ದದ್ದೇಕೆ ಎಂದು ನೋಟ್‌ಬುಕ್ಕಿನಲ್ಲಿ ಒಂದು ಪುಟ ಬರೆಯಲಿ. ಹುಡುಗರೂ ಹುಡುಗಿಯರೂ ಎಲ್ಲರೂ. ಆ ಪುಟದ ಮೇಲೆ ಮಗುವಿನ ಹೆಸರು, ತಾರೀಖು ಇರಲಿ. ಮತ್ತು ತರಗತಿಯಲ್ಲಿ ಯಾರಾದರೂ ಕಾಗದದ ವಿಮಾನ ಬಿಟ್ಟರೆ, ಬೆಂಚಿನ ಮೇಲೆ ನಿಲ್ಲಿಸುವ ಮುನ್ನ, ಅದು ಎಷ್ಟು ದೂರ ಹೋಯಿತು ಎಂದು ಒಮ್ಮೆ ಅಳೆಸಿ.